ಪ್ರಾಣಿಶಾಸ್ತ್ರದ ಶಾಖೆಗಳ ಪಟ್ಟಿ ತಲೆಗೆ ಹತ್ತುತ್ತಿಲ್ಲ, ಯಾರಾದರೂ ಬಿಡಿಸಿ ಹೇಳ್ತೀರಾ?

ಮಲಪ್ರಭಾ ಮಗ (ಬಾಗಲಕೋಟೆ):
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ ಮೊದಲ ಸೆಮಿಸ್ಟರ್. ಪ್ರಾಣಿಶಾಸ್ತ್ರದ ಮೊದಲ ಪಾಠವೇ ಶಾಖೆಗಳು. ಕೀಟಶಾಸ್ತ್ರ, ಮೀನುಶಾಸ್ತ್ರ, ಪಕ್ಷಿಶಾಸ್ತ್ರ, ಭ್ರೂಣಶಾಸ್ತ್ರ, ಹೀಗೆ ನೋಟ್ಸಿನಲ್ಲಿ ಇಪ್ಪತ್ತೆರಡು ಇವೆ. ಒಂದೊಂದರ ಮುಂದೆ ಒಬ್ಬೊಬ್ಬ ಪಿತಾಮಹ. ಅರಿಸ್ಟಾಟಲ್ ಒಬ್ಬನೇ ಮೂರು ಕಡೆ ಪಿತಾಮಹ! ರಾತ್ರಿ ಬಾಯಿಪಾಠ ಮಾಡಿದ್ದು ಎರಡು ದಿನಕ್ಕೆ ಮಾಯ. ಇವೆಲ್ಲ ಯಾಕೆ ಬೇರೆ ಬೇರೆ ಆದವು? ಯಾವುದು ಮೊದಲು ಹುಟ್ಟಿತು? ಇಷ್ಟು ತಿಳಿದರೆ ಉಳಿದದ್ದು ನೆನಪಿರುತ್ತದೆ ಅನಿಸುತ್ತದೆ.

ಸುಮ್ನೆ ಓದುವವ:
ಎರಡು ಅಂಕದ ಪ್ರಶ್ನೆ ತಮ್ಮಾ. ಬರೆದು ಮುಂದೆ ಹೋಗು.

ಗುಮ್ಮಟದ ನೆರಳು (ವಿಜಯಪುರ):
ಮೂವತ್ತು ವರ್ಷ ಇದೇ ಪಾಠ ಮಾಡಿ ನಿವೃತ್ತನಾದವನು ನಾನು. ಶುರುವಿನಲ್ಲಿ ನಾನೂ ಪಟ್ಟಿಯನ್ನೇ ಬರೆಸಿದ್ದೇನೆ. ಆ ಪಾಪ ನನ್ನ ತಲೆಯ ಮೇಲಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಶಾಖೆ ಅಂದ ಕೂಡಲೇ ಮರ ಕಣ್ಣಿಗೆ ಬರುತ್ತದೆ. ಮೊದಲು ಬೊಡ್ಡೆ, ಆಮೇಲೆ ಟೊಂಗೆ. ಪ್ರಾಣಿಶಾಸ್ತ್ರದಲ್ಲಿ ಟೊಂಗೆಗಳೇ ಮೊದಲು ಇದ್ದವು. ಬೆಸ್ತನಿಗೆ ಮೀನು ಗೊತ್ತಿತ್ತು. ಕುರಿ ಕಾಯುವವನಿಗೆ ಕುರಿಯ ಕರುಳು ಗೊತ್ತಿತ್ತು. ಜೇನು ಬಿಡಿಸುವವನಿಗೆ ಜೇನಿನ ಸ್ವಭಾವ ಗೊತ್ತಿತ್ತು. ಇವರನ್ನೆಲ್ಲ ಕೇಳಿ, ಹೇಳಿದ್ದನ್ನು ಒಂದು ಕಡೆ ಕೂಡಿಸಿ, ತಾನೂ ಕೊಯ್ದು ನೋಡಿದವನು ಗ್ರೀಸಿನ ಅರಿಸ್ಟಾಟಲ್. ಕ್ರಿ.ಪೂ. 384ರಲ್ಲಿ ಹುಟ್ಟಿದವನು. ಲೆಸ್ಬೋಸ್ ಎಂಬ ದ್ವೀಪದಲ್ಲಿ ಸಮುದ್ರದ ನೀರು ನೆಲದೊಳಗೆ ನುಗ್ಗಿ ನಿಂತ ಒಂದು ಜಾಗವಿದೆ, ನಮ್ಮ ಆಲಮಟ್ಟಿ ಹಿನ್ನೀರಿನ ಹಾಗೆ ಅಂದುಕೋ. ಅವನ ಮೀನಿನ ಟಿಪ್ಪಣಿಗಳಲ್ಲಿ ಆ ಜಾಗದ ಹೆಸರು ಮತ್ತೆ ಮತ್ತೆ ಬರುತ್ತದೆ. ಸುಮಾರು 500 ಬಗೆಯ ಪ್ರಾಣಿಗಳ ಬಗ್ಗೆ ಬರೆದ.

ಮೂರು ಕಡೆ ಪಿತಾಮಹ ಯಾಕೆ ಅಂದೆಯಲ್ಲ. ಅವನು ಮೂರು ದೊಡ್ಡ ಕೆಲಸ ಮಾಡಿದ. ಒಂದರಲ್ಲಿ ಯಾವ ಪ್ರಾಣಿ ಹೇಗಿದೆ, ಎಲ್ಲಿರುತ್ತದೆ, ಏನು ತಿನ್ನುತ್ತದೆ ಅನ್ನುವ ವಿವರ. ಇನ್ನೊಂದರಲ್ಲಿ ಅಂಗಗಳು, ಅವು ಇರುವುದು ಯಾತಕ್ಕೆ. ಮತ್ತೊಂದರಲ್ಲಿ ಹುಟ್ಟು. ನಿನ್ನ ನೋಟ್ಸಿನ ಅರ್ಧ ಶಾಖೆಗಳು ಈ ಮೂರರ ಮಕ್ಕಳು, ಮೊಮ್ಮಕ್ಕಳು.

ಹುಟ್ಟಿನ ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ, ಅದು ನನಗೆ ಬಹಳ ಇಷ್ಟ. ಕಾವಿಗೆ ಕೂತ ಕೋಳಿಯ ಮೊಟ್ಟೆಗಳನ್ನು ಬೇರೆ ಬೇರೆ ದಿನ ಒಡೆದು ನೋಡುವುದು. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಬಿಳಿ ಭಾಗದಲ್ಲಿ ಒಂದು ರಕ್ತದ ಚುಕ್ಕೆ ಕಾಣುತ್ತದೆ, ಅದು ಜೀವ ಇದ್ದಂತೆ ಮಿಡಿಯುತ್ತದೆ ಎಂದು ಬರೆದ. ಅದೇ ಹೃದಯ. ಭೂತಗನ್ನಡಿ ಇಲ್ಲ, ಮೈಕ್ರೋಸ್ಕೋಪ್ ಇಲ್ಲ. ಒಂದು ಬುಟ್ಟಿ ಮೊಟ್ಟೆ ಮತ್ತು ತಾಳ್ಮೆ, ಅಷ್ಟೇ. ಭ್ರೂಣಶಾಸ್ತ್ರದ ಮೊದಲ ಪ್ರಯೋಗ ನಿಮ್ಮ ಹಿತ್ತಲಿನಲ್ಲೂ ಆಗುತ್ತದೆ.

ಇಳಕಲ್ ಸೆರಗು:
ಸರ್, ಚೆನ್ನಾಗಿ ಹೇಳಿದ್ರಿ. ಆದರೆ ಹುಡುಗನಿಗೆ ಇನ್ನೊಂದು ಗೊಂದಲ ಇದೆ ಅನಿಸುತ್ತದೆ. ಪಟ್ಟಿಯಲ್ಲಿ ಎರಡು ಥರದ ಹೆಸರುಗಳು ಕಲಸಿಕೊಂಡಿವೆ. ನಮ್ಮದು ನೇಕಾರರ ಮನೆ, ನಾನು ಹೀಗೆ ನೆನಪಿಟ್ಟುಕೊಂಡಿದ್ದೆ. ಮೀನು, ಹಕ್ಕಿ, ಕೀಟ, ಹಾವು, ಸಸ್ತನಿ, ಇವು ಹಾಸು. ಯಾವ ಪ್ರಾಣಿ ಅನ್ನುವುದು. ಭ್ರೂಣ, ಅಂಗರಚನೆ, ದೇಹದ ಕೆಲಸ, ವರ್ತನೆ, ಪರಾವಲಂಬಿ, ಇವು ಹೊಕ್ಕು. ಏನು ಕೇಳುತ್ತೇವೆ ಅನ್ನುವುದು. ಮೀನಿನ ಮೊಟ್ಟೆ ಓದುವವರು ಎರಡು ಎಳೆ ಕೂಡುವ ಜಾಗದಲ್ಲಿ ಕೂತಿರುತ್ತಾರೆ. ಇಪ್ಪತ್ತೆರಡನ್ನೂ ಒಂದೇ ಸಾಲಿನಲ್ಲಿ ಬರೆದದ್ದರಿಂದ ತಲೆ ಕೆಡುವುದು.

ಮಲಪ್ರಭಾ ಮಗ:
ಅಕ್ಕಾ, ಇದನ್ನು ನಮಗೆ ಕ್ಲಾಸಿನಲ್ಲಿ ಯಾರೂ ಹೇಳಲೇ ಇಲ್ಲ. ಈಗಲೇ ಎರಡು ಕಾಲಂ ಮಾಡಿ ಬರೆದುಕೊಂಡೆ. ಆದರೆ ಒಂದು ಸಿಕ್ಕಿಕೊಂಡಿತು. ಹರ್ಪೆಟಾಲಜಿ ಅಂತ ಇದೆ, ಅದರಲ್ಲಿ ಹಾವು, ಹಲ್ಲಿ ಜೊತೆ ಕಪ್ಪೆಯೂ ಇದೆ. ಕಪ್ಪೆ ಉಭಯವಾಸಿ ಅಲ್ವಾ?

ಗುಮ್ಮಟದ ನೆರಳು:
ಒಳ್ಳೆಯ ಕಣ್ಣು. ಅದು ಹಳೆಯ ಕೂಡುಕುಟುಂಬದ ಗುರುತು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಜೀವಿಗಳನ್ನು ವಿಂಗಡಿಸಿದ ತನ್ನ ಪಟ್ಟಿಯ ಹತ್ತನೇ ಆವೃತ್ತಿ ತಂದ. ಪ್ರಾಣಿಗಳ ಎರಡು ಪದದ ಹೆಸರುಗಳ ಲೆಕ್ಕ ಇಂದಿಗೂ ಶುರುವಾಗುವುದು ಆ ವರ್ಷದಿಂದಲೇ. ಅದರಲ್ಲಿ ಹಾವು, ಹಲ್ಲಿ, ಕಪ್ಪೆ ಎಲ್ಲ ಒಂದೇ ವರ್ಗ. ಜೇಡ, ಚೇಳು, ಏಡಿ ಕೂಡ ಕೀಟಗಳ ಜೊತೆಗೇ ಇದ್ದವು. ಆಮೇಲೆ ಫ್ರಾನ್ಸಿನ ಲಾಮಾರ್ಕ್ ಜೇಡ, ಏಡಿಗಳನ್ನು ಕೀಟಗಳಿಂದ ಬೇರೆ ಮಾಡಿದ. ಕಪ್ಪೆಗಳಿಗೂ ಬೇರೆ ವರ್ಗ ಆಯಿತು. ಆದರೆ ಓದುವವರು ಮಾತ್ರ ಹಾವು ಮತ್ತು ಕಪ್ಪೆಯನ್ನು ಒಟ್ಟಿಗೇ ಇಟ್ಟುಕೊಂಡರು. ಮನೆ ಪಾಲಾದರೂ ಬಾವಿ ಒಂದೇ ಇದ್ದ ಹಾಗೆ.

ಕುಂದಾ ಪ್ರೇಮಿ (ಬೆಳಗಾವಿ):
ಎಲ್ಲಾ ಗ್ರೀಸ್, ಸ್ವೀಡನ್, ಫ್ರಾನ್ಸ್ ಆಯಿತಲ್ಲ. ನಮ್ಮ ಕಡೆ ಯಾರೂ ಪ್ರಾಣಿಗಳನ್ನು ನೋಡಿಯೇ ಇರಲಿಲ್ವಾ?

ನಮ್ಮದು ಜೈನ ಮನೆತನ. ಚಿಕ್ಕವನಿದ್ದಾಗ ಬಸದಿಯ ಪಾಠಶಾಲೆಯಲ್ಲಿ ಕಲಿತದ್ದು ಈಗಲೂ ನೆನಪಿದೆ. ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುವುದು. ಗಿಡಮರಗಳಿಗೆ ಒಂದೇ ಇಂದ್ರಿಯ, ಸ್ಪರ್ಶ. ಹುಳುವಿಗೆ ರುಚಿ ಸೇರಿ ಎರಡು. ಇರುವೆಗೆ ವಾಸನೆ ಸೇರಿ ಮೂರು. ದುಂಬಿಗೆ ಕಣ್ಣು ಸೇರಿ ನಾಲ್ಕು. ಮನುಷ್ಯನಿಗೆ ಕಿವಿ ಸೇರಿ ಐದು. ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಈ ಸಾಲು ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲೇ ಇದೆ. ಇರುವೆ ತುಳಿಯಬೇಡ ಅಂತ ಬೈಯುವಾಗ ಅಜ್ಜಿ 'ಅದು ಮೂರು ಇಂದ್ರಿಯದ ಜೀವ' ಅನ್ನುತ್ತಿದ್ದರು.

ಸುಮ್ನೆ ಓದುವವ:
ಹಾಗಾದರೆ ನಮ್ಮವರು ಎಲ್ಲಾ ಮೊದಲೇ ಕಂಡುಹಿಡಿದಿದ್ದರು ಅಂತಾಯಿತು. ಚರ್ಚೆ ಮುಗಿಯಿತು 😄

ಕುಂದಾ ಪ್ರೇಮಿ:
ಹಾಗೆ ನಾನು ಹೇಳಲಿಲ್ಲ ಮಾರಾಯರೇ. ಇರುವೆಗೆ ಕಣ್ಣಿದೆ, ಅದು ನನಗೂ ಗೊತ್ತು. ಮಿಡತೆಗೆ ಕಿವಿಯೂ ಇದೆ, ಅದೂ ಹೊಟ್ಟೆಯ ಪಕ್ಕದಲ್ಲಿ! ಲೆಕ್ಕ ತಪ್ಪಿರಬಹುದು. ನಾನು ಹೇಳಿದ್ದು ಪ್ರಶ್ನೆಯ ಬಗ್ಗೆ. ಅರಿಸ್ಟಾಟಲ್ ಕೆಂಪು ರಕ್ತ ಇದೆಯೋ ಇಲ್ಲವೋ ಅಂತ ನೋಡಿದ. ಇವರು ಪ್ರಾಣಿಗೆ ಏನೇನು ತಿಳಿಯುತ್ತದೆ ಅಂತ ನೋಡಿದರು. ಹಿಂಸೆ ಆಗಬಾರದು ಅನ್ನುವವರಿಗೆ ಅದೇ ಅಲ್ವಾ ಮುಖ್ಯ?

ಗುಮ್ಮಟದ ನೆರಳು:
ಇದು ಸರಿಯಾದ ಮಾತು. ಯಾವುದನ್ನು ನೋಡಿ ವಿಂಗಡಿಸುತ್ತೇವೆ ಅನ್ನುವುದು ನಮಗೆ ಯಾತಕ್ಕೆ ಬೇಕು ಅನ್ನುವುದರ ಮೇಲೆ ನಿಂತಿದೆ. ರಾಜನಿಗೆ ಬೇರೆಯದೇ ಬೇಕಿತ್ತು ನೋಡಿ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಗಾಳ ಹಾಕಿ ಮೀನು ಹಿಡಿಯುವ ವಿನೋದಕ್ಕೇ ಒಂದು ಭಾಗವಿದೆ. ಸಮುದ್ರದ ಮೀನು, ನದಿಯ ಮೀನು, ಹುರುಪೆ ಇರುವುದು, ಇಲ್ಲದ್ದು, ಯಾವುದಕ್ಕೆ ಏನು ತಿನಿಸು ಹಾಕಬೇಕು ಎಲ್ಲ ಇದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಮೀನುತಜ್ಞ ಸುಂದರಲಾಲ್ ಹೋರಾ 1951ರಲ್ಲಿ ಆ ಭಾಗವನ್ನು ಓದಿ, ಅಲ್ಲಿನ ಹೆಸರುಗಳನ್ನು ಇಂದಿನ ಮೀನುಗಳ ಜೊತೆ ಹೊಂದಿಸಿ ನೋಡಿದರು. ಕನ್ನಡದಲ್ಲೇ ಬೇಕು ಅಂದರೆ ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮನ ಗೋವೈದ್ಯ ಇದೆ, ದನದ ರೋಗ ಮತ್ತು ಮದ್ದಿನ ಬಗ್ಗೆ. ಮದ್ದಿನ ಜೊತೆ ಮಂತ್ರವೂ ಇದೆ, ಅದನ್ನು ಮುಚ್ಚಿಡುವುದು ಬೇಡ.

ಹಿನ್ನೀರು (ಬೀಳಗಿ):
ಮೀನಿನ ಮಾತು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮದು ಮೀನಿನ ವ್ಯಾಪಾರ. ಒಮ್ಮೆ ಯಾರೋ ಓದಿದವರು ಅಂಗಡಿಗೆ ಬಂದು ರೋಹುಗೆ ಲ್ಯಾಟಿನ್ ಹೆಸರು 'ಲೇಬಿಯೊ ರೋಹಿಟಾ' ಅಂದರು. ನಾನು ನಕ್ಕುಬಿಟ್ಟೆ. ಅದು ನಮ್ಮ ಹೆಸರೇ ಅಲ್ವಾ, ಬಾಲ ಮಾತ್ರ ಬೇರೆ!

ಗುಮ್ಮಟದ ನೆರಳು:
ನಿಮ್ಮ ನಗು ನ್ಯಾಯವಾಗಿದೆ. ರೋಹು, ಕಾಟ್ಲಾ ಎರಡಕ್ಕೂ 1822ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ ಸೀಮೆ ಸುತ್ತಿ ಬರೆದ ಬುಕಾನನ್ ಇದ್ದಾನಲ್ಲ, ಅವನೇ. ಗಂಗೆಯ ಮೀನುಗಳನ್ನು ಬರೆಯುವಾಗ ಬೆಸ್ತರು ಕರೆಯುವ ಹೆಸರನ್ನೇ ಎತ್ತಿ ಲ್ಯಾಟಿನ್ ಅಂಗಿ ತೊಡಿಸಿದ. ನಿಮ್ಮ ಹಿನ್ನೀರಿನ ರೋಹು, ಕಾಟ್ಲಾ ಮೂಲದಲ್ಲಿ ಗಂಗೆಯ ಕಡೆಯವು, ಮರಿ ತಂದು ಬಿಟ್ಟದ್ದು.

ಕೃಷ್ಣೆಯ ಮೀನು ಬೇಕು ಅಂದರೆ ಕರ್ನಲ್ ಸೈಕ್ಸ್ ಹತ್ತಿರ ಹೋಗಬೇಕು. ಬಾಂಬೆ ಸರ್ಕಾರಕ್ಕಾಗಿ ದಖನ್ನಿನ ಅಂಕಿಅಂಶ ಕೂಡಿಸಲು ಬಂದವನು, ಜೊತೆಗೆ ಪ್ರಾಣಿಗಳನ್ನೂ ಕೂಡಿಸಿದ. ದಖನ್ ಮಹಶೀರ್ ಮೀನಿಗೆ 1839ರಲ್ಲಿ 'ಖುದ್ರೀ' ಎಂದು ಹೆಸರಿಟ್ಟ. ಮೂತಿಯ ಮೇಲೆ ಗಡ್ಡೆ ಇರುವ ಇನ್ನೊಂದು ಮೀನು 'ನುಕ್ತಾ'. ಎರಡೂ ಈ ಕಡೆಯ ಜನರ ಬಾಯಿಂದ ಬಂದ ಹೆಸರುಗಳು. ಪಿತಾಮಹರ ಕಾಲಂನಲ್ಲಿ ಬೆಸ್ತರಿಗೆ ಜಾಗ ಕೊಡುವವರು ಯಾರು?

ಹಿನ್ನೀರು:
ನುಕ್ತಾ! ಮೂತಿಯಲ್ಲಿ ಕೋಡು ಇದ್ದಂತೆ ಇರುವುದೇ? ನಮ್ಮ ಅಪ್ಪ ಹೇಳುತ್ತಿದ್ದರು. ನಾನು ಒಂದನ್ನೂ ನೋಡಿಲ್ಲ.

ಮುಧೋಳ ನಾಯಿ ನಮ್ಮದು:
ಸೈಕ್ಸ್ ಅಂದಿರಿ, ಒಂದು ಸಂಶಯ. ನಮ್ಮ ಊರಿನ ನಾಯಿ ಬೇರೆ ಪ್ರಭೇದವೋ ಅಲ್ಲವೋ? ವಾಟ್ಸಾಪಿನಲ್ಲಿ ಬರುತ್ತಿರುತ್ತದೆ, ಮುಧೋಳ ನಾಯಿ ಜಗತ್ತಿನ ಬೇರೆ ಯಾವ ನಾಯಿಗೂ ಸಂಬಂಧ ಇಲ್ಲದ ಪ್ರಾಣಿ ಅಂತ.

ಇಳಕಲ್ ಸೆರಗು:
ಬೇರೆ ತಳಿ, ಬೇರೆ ಪ್ರಭೇದ ಅಲ್ಲ ಅಣ್ಣಾ. ಊರ ನಾಯಿ ಜೊತೆ ಕೂಡಿದರೆ ಮರಿ ಹಾಕುವುದಿಲ್ವಾ? ಹಾಕುತ್ತದೆ, ಆ ಮರಿಗೂ ಮರಿ ಆಗುತ್ತದೆ. ಉದ್ದ ಕಾಲು, ಸಣ್ಣ ಸೊಂಟ, ಓಟ, ಇವೆಲ್ಲ ಜನ ಆರಿಸಿ ಆರಿಸಿ ಉಳಿಸಿಕೊಂಡದ್ದು.

ಗುಮ್ಮಟದ ನೆರಳು:
ಹೌದು. ಲಿನೇಯಸ್ 1758ರಲ್ಲಿ ಇಟ್ಟ ನಾಯಿಯ ಹೆಸರಿನೊಳಗೇ ಮುಧೋಳವೂ ಬರುತ್ತದೆ, ಬೀದಿ ನಾಯಿಯೂ ಬರುತ್ತದೆ. ಇದರಲ್ಲಿ ಅವಮಾನ ಏನೂ ಇಲ್ಲ. ನಮ್ಮ ಬಯಲಿನ ತೋಳಕ್ಕೆ ಮಾತ್ರ ಸೈಕ್ಸ್ 1831ರಲ್ಲಿ 'ಪ್ಯಾಲಿಪೆಸ್' ಎಂದು ಹೆಸರು ಕೊಟ್ಟ, ಬಿಳಿಚಿದ ಕಾಲಿನದು ಅಂತ ಅರ್ಥ. ಈಗ ಅದನ್ನು ಬೂದು ತೋಳದ ಉಪಪ್ರಭೇದ ಅನ್ನುತ್ತಾರೆ. ಪ್ರಭೇದ, ಉಪಪ್ರಭೇದ, ತಳಿ ಈ ಗೆರೆ ಎಲ್ಲಿ ಎಳೆಯಬೇಕು ಅಂತ ಜಗಳ ಮಾಡುವ ಶಾಖೆಗೆ ವರ್ಗೀಕರಣಶಾಸ್ತ್ರ ಅನ್ನುತ್ತಾರೆ. ಜಗಳ ಇನ್ನೂ ನಡೆದಿದೆ.

ಮುಧೋಳ ನಾಯಿ ನಮ್ಮದು:
ಸರಿ ಸರ್. ಮನೆಯಲ್ಲಿರುವವನಿಗೆ ಇದನ್ನು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳುತ್ತಾನೆ.

ಇಳಕಲ್ ಸೆರಗು:
ನಾನು ಒಂದು ಮನೆಯ ವಿಷಯ ಹೇಳಬೇಕು. ಜೋಳದ ಚೀಲದಲ್ಲಿ ನುಸಿ ಬರುತ್ತದಲ್ಲ. ನಮ್ಮ ಅತ್ತೆ 'ಬೆವರಿನಿಂದ ಹೇನು, ಸೆಕೆಯಿಂದ ನುಸಿ, ತಾನಾಗೇ ಹುಟ್ಟುತ್ತದೆ' ಅನ್ನುತ್ತಿದ್ದರು. ಚೀಲದ ಬಾಯಿ ಹೊಲಿದೇ ಇತ್ತು, ಒಳಗೆ ನುಸಿ ಹೇಗೆ ಬಂತು ಹೇಳು ನೋಡೋಣ ಅಂತ ನನಗೇ ಸವಾಲು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗುಮ್ಮಟದ ನೆರಳು:
ನಿಮ್ಮ ಅತ್ತೆಯವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಅಂತ ಹುಟ್ಟಿನ ಲೆಕ್ಕದ ನಾಲ್ಕು ವಿಂಗಡಣೆ ನಮ್ಮಲ್ಲಿ ಬಹಳ ಹಳೆಯದು. ಬಸಿರಿನಿಂದ, ಮೊಟ್ಟೆಯಿಂದ, ಬೆವರಿನಿಂದ, ನೆಲ ಸೀಳಿಕೊಂಡು. ಸುಶ್ರುತ, ಚರಕರಲ್ಲೂ ಇದೆ. ಅತ್ತೆ ಹೇಳಿದ್ದು ಸ್ವೇದಜ. ಅರಿಸ್ಟಾಟಲ್ ಕೂಡ ಹಾವುಮೀನು ಕೆಸರಿನಿಂದ ಹುಟ್ಟುತ್ತದೆ ಅಂದುಕೊಂಡಿದ್ದ. ಅವನಿಗೆ ಅದರ ಹೊಟ್ಟೆಯಲ್ಲಿ ಮೊಟ್ಟೆ ಸಿಗಲಿಲ್ಲ, ಪಾಪ.

ಈ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1668ರಲ್ಲಿ. ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ತುಂಡುಗಳನ್ನು ಭರಣಿಗಳಲ್ಲಿ ಇಟ್ಟ. ಕೆಲವು ತೆರೆದ ಬಾಯಿ, ಕೆಲವಕ್ಕೆ ತೆಳು ಬಟ್ಟೆ ಕಟ್ಟಿದ. ತೆರೆದವುಗಳಲ್ಲಿ ಹುಳು ಬಿತ್ತು. ಬಟ್ಟೆ ಕಟ್ಟಿದವುಗಳ ಮಾಂಸದಲ್ಲಿ ಇಲ್ಲ. ವಾಸನೆಗೆ ಬಂದ ನೊಣಗಳು ಬಟ್ಟೆಯ ಮೇಲೇ ಸುತ್ತಾಡಿದವು. ಇಷ್ಟೇ ಪ್ರಯೋಗ. ಅಡುಗೆಮನೆಯಲ್ಲಿ ಮೊಸರಿನ ಗಡಿಗೆಗೆ ಬಟ್ಟೆ ಕಟ್ಟುವ ಕೆಲಸ. ತಮಾಷೆ ಏನೆಂದರೆ ಗಿಡದ ಗಂಟುಗಳೊಳಗಿನ ಹುಳುವನ್ನು ಗಿಡವೇ ಹುಟ್ಟಿಸುತ್ತದೆ ಅಂತ ಅದೇ ರೆಡಿ ನಂಬಿದ್ದ.

ಇನ್ನು ನುಸಿ. ಹೆಣ್ಣು ನುಸಿ ತನ್ನ ಉದ್ದ ಮೂತಿಯಿಂದ ಕಾಳಿಗೆ ಸಣ್ಣ ತೂತು ಕೊರೆಯುತ್ತದೆ. ಒಳಗೆ ಒಂದು ಮೊಟ್ಟೆ ಇಟ್ಟು ಅಂಟಿನಂಥದ್ದರಿಂದ ಬಾಯಿ ಮುಚ್ಚುತ್ತದೆ. ಹೊರಗೆ ನೋಡಿದರೆ ಕಾಳು ಸರಿಯಾಗೇ ಇದೆ. ಮರಿಹುಳು ಒಳಗೇ ತಿಂದು, ಒಳಗೇ ಬೆಳೆದು, ನುಸಿಯಾಗಿಯೇ ಹೊರಗೆ ಬರುತ್ತದೆ. ಚೀಲ ಹೊಲಿಯುವ ಮೊದಲೇ ಮೊಟ್ಟೆ ಒಳಗಿತ್ತು. ತೂತಾದ ಒಂದು ಕಾಳನ್ನು ಬ್ಲೇಡಿನಿಂದ ಸೀಳಿ ನೋಡಿ.

ಇಳಕಲ್ ಸೆರಗು:
ಈಗ ಸೀಳಿ ನೋಡಿದೆ. ಮೂರನೇ ಕಾಳಿನಲ್ಲಿ ಬಿಳೀ ಹುಳು ಮುದುಡಿಕೊಂಡಿತ್ತು, ಕಾಲೇ ಇಲ್ಲ. ಅತ್ತೆ ಇದ್ದಿದ್ದರೆ ತೋರಿಸುತ್ತಿದ್ದೆ.

ಕಾಡಂಚು (ಖಾನಾಪುರ):
ತಡವಾಗಿ ಬಂದೆ. ನಮ್ಮ ತಾಲ್ಲೂಕಿಗೂ ಒಂದು ಪಾತ್ರ ಇದೆ, ಯಾರೂ ಹೇಳಲಿಲ್ಲ. ಭೀಮಗಡದ ಕಡೆ ಗೋವಾ ಗಡಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದೇಶದ ಸಸ್ತನಿಗಳ ಸರ್ವೆ ಮಾಡುತ್ತಿದ್ದ ಕಾಲದಲ್ಲಿ ಅಲ್ಲಿ ಒಂದು ಬಾವಲಿ ಸಿಕ್ಕಿತು. 1913ರಲ್ಲಿ ಲಂಡನ್ನಿನ ಮ್ಯೂಸಿಯಂನಲ್ಲಿ ಕೂತು ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ಹೆಸರಿಟ್ಟ, ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿನಲ್ಲಿ. ಬಹಳ ವರ್ಷ ಜಗತ್ತಿನಲ್ಲಿ ಆ ಬಾವಲಿ ಗೊತ್ತಿದ್ದದ್ದು ಈ ಒಂದೇ ಜಾಗದಲ್ಲಿ. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು. ದಯವಿಟ್ಟು ಇದನ್ನು ಓದಿ ಯಾರೂ ಟಾರ್ಚ್ ಹಿಡಿದು ಗುಹೆಗೆ ಹೊರಡಬೇಡಿ. ಅದು ಅಭಯಾರಣ್ಯ, ಅನುಮತಿ ಬೇಕು, ಬಾವಲಿಗಳೂ ಗಾಬರಿಯಾಗುತ್ತವೆ.

ಮಲಪ್ರಭಾ ಮಗ:
ಬಾವಲಿ ಸಸ್ತನಿ ಅಂತ ಮೊದಲಿಂದಲೂ ಗೊತ್ತಿತ್ತಾ? ನಮ್ಮೂರಿನಲ್ಲಿ ಹಕ್ಕಿ ಅನ್ನುವವರೇ ಜಾಸ್ತಿ.

ಗುಮ್ಮಟದ ನೆರಳು:
ಲಿನೇಯಸ್ ಬಾವಲಿಯನ್ನು ಮಂಗ ಮತ್ತು ಮನುಷ್ಯನ ಗುಂಪಿನಲ್ಲೇ ಇಟ್ಟಿದ್ದ! ಎದೆಯಲ್ಲಿ ಎರಡು ಮೊಲೆ ಅನ್ನುವ ಗುಣ ನೋಡಿ. ತಿಮಿಂಗಿಲವನ್ನು ಮೊದಲು ಮೀನಿನ ಜೊತೆ ಇಟ್ಟು, 1758ರಲ್ಲಿ ಸಸ್ತನಿಗೆ ತಂದ. ಅರಿಸ್ಟಾಟಲ್ ಮಾತ್ರ ಎರಡು ಸಾವಿರ ವರ್ಷ ಮೊದಲೇ ಡಾಲ್ಫಿನ್ ಮರಿ ಹಾಕಿ ಹಾಲು ಕೊಡುತ್ತದೆ, ಗಾಳಿ ಉಸಿರಾಡುತ್ತದೆ, ಮೀನಲ್ಲ ಎಂದು ಬೇರೆ ಇಟ್ಟಿದ್ದ. ಹಾಗಂತ ಅವನೂ ದೇವರೇನಲ್ಲ. ಜೇನುಗೂಡಿನಲ್ಲಿ ಇರುವುದು ರಾಜ ಅಂದಿದ್ದ. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮ್ ಅದನ್ನು ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಳಗೆ ಅಂಡಾಶಯ. ರಾಜ ಹೋಗಿ ರಾಣಿಯಾಯಿತು.

ಹಿನ್ನೀರು:
ಅರಿಸ್ಟಾಟಲ್‌ನಿಂದ ಲಿನೇಯಸ್‌ವರೆಗೆ ಎರಡು ಸಾವಿರ ವರ್ಷ ಎಲ್ಲರೂ ನಿದ್ದೆ ಮಾಡಿದರಾ ಸರ್?

ಗುಮ್ಮಟದ ನೆರಳು:
ಇಲ್ಲ ಇಲ್ಲ. ಆದರೆ ಓದಿದ್ದನ್ನು ಮತ್ತೆ ಬರೆದವರೇ ಜಾಸ್ತಿ. ರೋಮಿನ ಪ್ಲಿನಿ ಕೇಳಿದ್ದೆಲ್ಲ ಬರೆದ, ನಿಜವೂ ಇದೆ ಕಟ್ಟುಕಥೆಯೂ ಇದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಹತ್ತಿರ ಹೋಗಿ ಸತ್ತ. ಬಸ್ರಾದ ಅಲ್ ಜಾಹಿಜ್ 9ನೇ ಶತಮಾನದಲ್ಲಿ ಅರಬ್ಬಿಯಲ್ಲಿ ಪ್ರಾಣಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಜ್ಯೂರಿಕ್‌ನ ಗೆಸ್ನರ್ 1551ರಿಂದ ಚಿತ್ರಗಳ ಸಮೇತ ದಪ್ಪ ದಪ್ಪ ಸಂಪುಟ ತಂದ. ಇಂಗ್ಲೆಂಡಿನ ವೈದ್ಯ ಹಾರ್ವೆ 1628ರಲ್ಲಿ ರಕ್ತ ಮೈಯೊಳಗೆ ಸುತ್ತುತ್ತದೆ ಅಂದ, ಆದರೆ ಅಪಧಮನಿಯಿಂದ ಅಭಿಧಮನಿಗೆ ಹೇಗೆ ದಾಟುತ್ತದೆ ಅಂತ ತೋರಿಸಲು ಆಗಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಮೈಕ್ರೋಸ್ಕೋಪಿನಡಿ ಇಟ್ಟ, ಕೂದಲಿನಂಥ ನಾಳಗಳು ಕಂಡವು. ಅಕ್ಕ ಹೇಳಿದ ಹೊಕ್ಕು ಇಲ್ಲಿಂದ ದಟ್ಟವಾಯಿತು. ಹಾಸು ಬೆಸ್ತರ, ಬೇಟೆಗಾರರ ಕಾಲದ್ದು. ಹೊಕ್ಕಿನ ಬಹಳಷ್ಟು ಎಳೆ ಮೈಕ್ರೋಸ್ಕೋಪಿನಿಂದ ಬಂದದ್ದು.

ಸುಮ್ನೆ ಓದುವವ:
ಒಪ್ಪಿಕೊಳ್ಳುತ್ತೇನೆ, ಇದು ಎರಡು ಅಂಕದ ಪ್ರಶ್ನೆ ಅಲ್ಲ.

ಮಲಪ್ರಭಾ ಮಗ:
ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮನೆಯಲ್ಲಿ ಜವಾರಿ ಕೋಳಿ ಕಾವಿಗೆ ಕೂತಿತ್ತು, ಒಂಬತ್ತು ಮೊಟ್ಟೆ. ಒಂದು ಒಡೆದು ನೋಡ್ತೀನಿ ಅಂದೆ, ಅವ್ವ ಕೈಗೆ ಕೋಲು ತೆಗೆದುಕೊಂಡಳು. ಕೊನೆಗೆ ಒಡೆಯದೇ ನೋಡುವುದಾದರೆ ನೋಡು ಅಂದಳು. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟೆ, ಸುತ್ತ ಬೆರಳು ಮುಚ್ಚಿ. ಸಿಪ್ಪೆ ಸ್ವಲ್ಪ ಕಂದು, ಮೊದಲ ಎರಡರಲ್ಲಿ ಮಂಜು ಮಂಜು. ಮೂರನೆಯದು ಬೆಳ್ಳಗಿತ್ತು. ಕೆಂಪು ಎಳೆಗಳು ಜೇಡದ ಕಾಲಿನ ಹಾಗೆ ಹರಡಿದ್ದವು, ನಡುವೆ ಒಂದು ಕಪ್ಪು ಚುಕ್ಕೆ. ಮಿಡಿಯುತ್ತಿತ್ತೋ ನನ್ನ ಕೈ ನಡುಗುತ್ತಿತ್ತೋ, ಹೇಳಲಾರೆ. ಅವ್ವನಿಗೂ ತೋರಿಸಿದೆ. ಇಷ್ಟು ವರ್ಷ ಕೋಳಿ ಸಾಕಿದವಳು, ಇದನ್ನು ನೋಡಿರಲಿಲ್ಲವಂತೆ. ಆಮೇಲೆ ಉಳಿದ ಆರನ್ನೂ ಅವಳೇ ಒಂದೊಂದಾಗಿ ಟಾರ್ಚಿನ ಮೇಲೆ ಇಟ್ಟಳು. ಎರಡರಲ್ಲಿ ಏನೂ ಇರಲಿಲ್ಲ, ಅವನ್ನು ಬೇರೆ ತೆಗೆದಿಟ್ಟಳು.

ಗುಮ್ಮಟದ ನೆರಳು:
ಬೇರೆ ತೆಗೆದ ಎರಡನ್ನು ಎಸೆಯಬೇಡ, ಅವನ್ನು ಒಡೆದು ನೋಡಲು ಅವ್ವ ಬಿಡುತ್ತಾಳೆ. ಮೂಗು ಮುಚ್ಚಿಕೋ. ಇಪ್ಪತ್ತೊಂದನೇ ದಿನದ ಫೋಟೋ ಇಲ್ಲೇ ಹಾಕು.

ಇಳಕಲ್ ಸೆರಗು:
ಅವ್ವನ ಫೋಟೋನೂ.